ಹಾಸಿನ ಮೇಲಿನ ಲೋಕ

ಕಾರ್ಗತ್ತಲಲ್ಲಿ ಮುಂದೆ ಸಾಗುತ್ತಿರುವ ಕಬ್ಬಿನ ಗಾಡಿಯ ಹಿಂಬದಿಗೆ ಅಂಟಿಸಿದ ರೇಡಿಯಂ ಪಟ್ಟಿಯು ನಮ್ಮ ವಾಹನದ ದೀಪ ತಾಗಿದೊಡನೆ ಕೆಂಡದಂತೆ ಬೆಳಗುವುದನ್ನು ಕಾಣದವರಿಲ್ಲ. ಆದರೆ ಆ ಬೆಳಗು ದೀಪದ ಹಿಂದೆ ಕುಳಿತವನಿಗೆ ಮಾತ್ರ ಮೀಸಲೆಂಬುದನ್ನೂ, ದಾರಿಯ ಬದಿಯಲ್ಲಿ ನಿಂತವನಿಗೆ ಅದು ಬರಿಯ ಮಂಕು ಪಟ್ಟಿಯೆಂಬುದನ್ನೂ ಗಮನಿಸಿದವರು ವಿರಳ. ಬಂದ ಬೆಳಕನ್ನು ಬಂದ ದಿಕ್ಕಿಗೇ ಹಿಂದಿರುಗಿಸುವ ಈ ಗುಣವನ್ನೇ ತಳಹದಿಯಾಗಿಸಿಕೊಂಡು ಅಮೆರಿಕದ ಜೆರಿ ಎಲ್ಸ್‌ವರ್ತ್ ಮತ್ತು ರಿಕ್ ಜಾನ್ಸನ್ 2013ರಲ್ಲಿ ಜನರ ಮುಂದಿಟ್ಟ ‘ಕಾಸ್ಟ್‌ಎಆರ್’ ಎಂಬ ಕನ್ನಡಕವು, ನನ್ನ ದೃಷ್ಟಿಯಲ್ಲಿ, ತನ್ನ ಮಿತಿಯನ್ನು ಒಪ್ಪಿಕೊಂಡದ್ದರಿಂದಲೇ ಹಿರಿದಾದ ಒಂದು ಕಲ್ಪನೆ.

ಕನ್ನಡಕದ ಚೌಕಟ್ಟಿನ ಮೇಲೆ ಒಂದೊಂದು ಕಣ್ಣಿಗೆ ಒಂದೊಂದರಂತೆ ಎರಡು ಪುಟ್ಟ ಪ್ರೊಜೆಕ್ಟರುಗಳು. ಅವು ಚೆಲ್ಲುವ ಚಿತ್ರ ಮೇಜಿನ ಮೇಲೆ ಹರಡಿದ, ಆ ಪಟ್ಟಿಯದೇ ಗುಣವುಳ್ಳ ಹಾಸಿನ ಮೇಲೆ ಬಿದ್ದು, ಹೊರಟ ಕಣ್ಣಿನೆಡೆಗೇ ಮರಳುತ್ತದೆ. ಹಾಸಿನ ಬಳಿ ಇರಿಸಿದ ಅವಕೆಂಪು ದೀಪಬಿಂದುಗಳನ್ನು ಕನ್ನಡಕದಲ್ಲಿನ ಕ್ಯಾಮೆರಾ ಎಡೆಬಿಡದೆ ನೋಡುತ್ತ ತಲೆಯ ಚಲನೆಯನ್ನು ಅಳೆಯುವುದರಿಂದ, ಹಾಸಿನ ಮೇಲೆ ನಿಂತ ಗೋಪುರವೊಂದರ ಪಕ್ಕಕ್ಕೆ ನಾವು ಕತ್ತು ಬಾಗಿಸಿದರೆ ಅದರ ಹಿಂಗೋಡೆ ಮೆಲ್ಲನೆ ತೆರೆದುಕೊಳ್ಳುತ್ತದೆ. ಪಗಡೆಯ ಸುತ್ತ ಕುಳಿತವರಂತೆ ನಾಲ್ವರು ಕುಳಿತರೆ, ಒಂದೇ ಹಾಸಿನಲ್ಲಿ ಒಬ್ಬೊಬ್ಬರಿಗೂ ತಮ್ಮ ತಮ್ಮ ಕಡೆಯ ನೋಟವೇ ದೊರೆಯುವುದು; ಒಬ್ಬನ ಚಿತ್ರ ಮತ್ತೊಬ್ಬನ ಕಣ್ಣಿಗೆ ಅಡ್ಡಬಾರದು.

1968ರಲ್ಲಿ ಗಣಕವಿಜ್ಞಾನಿ ಐವನ್ ಸದರ್‌ಲೆಂಡ್ ತಮ್ಮ ತಲೆಯುಡುಗೆಯ ಯಂತ್ರವನ್ನು ಛಾವಣಿಯಿಂದ ತೂಗುಹಾಕಿದಂದಿನಿಂದ ಕಾಣುವ ಲೋಕದೊಡನೆ ಚಿತ್ರವನ್ನು ಬೆರೆಸುವ ಈ ವಿದ್ಯೆಯ ಹಂಬಲವು ಇಡೀ ಜಗತ್ತಿಗೇ ಚಿತ್ರವನ್ನು ಲೇಪಿಸುವುದರ ಕಡೆಗೆ ಹರಿದುಬಂದಿದೆ. ಅದರ ಬೆಲೆಯನ್ನು ತೆರುವುದು ನಮ್ಮ ಕಣ್ಣು. ಚಿತ್ರದ ವಸ್ತು ಒಂದು ದೂರದಲ್ಲಿರುವಂತೆ ತೋರಿ ಎರಡು ಕಣ್ಣುಗಳೂ ಅಲ್ಲಿಗೆ ಕೂಡಿಕೊಳ್ಳುತ್ತವೆ. ಯಂತ್ರದ ಮಸೂರವಾದರೋ ಬೇರೊಂದು ದೂರಕ್ಕೆ ನೋಟವನ್ನು ಹದಗೊಳಿಸಿಕೊಳ್ಳಬೇಕೆಂದು ಬಲವಂತಮಾಡುತ್ತದೆ. ಈ ಸೆಣಸಾಟದಲ್ಲಿ ಕಣ್ಣು ದಣಿದು ತಲೆ ನೋಯುತ್ತದೆ. ಕಾಸ್ಟ್‌ಎಆರ್‌ನಲ್ಲಿ ಬೆಳಕು ನಿಜವಾಗಿಯೂ ಹಾಸಿನಿಂದಲೇ ಬರುವುದರಿಂದ, ವಸ್ತು ನಿಂತಂತೆ ತೋರುವೆಡೆಯೂ ನೋಟ ನೆಲೆಸುವೆಡೆಯೂ ಬಹುಮಟ್ಟಿಗೆ ಒಂದೇ. ಯಂತ್ರವೊಂದು ಮನುಷ್ಯನ ಇಂದ್ರಿಯಕ್ಕೆ ತೋರಿದ ಈ ದಾಕ್ಷಿಣ್ಯವನ್ನು ನಾನು ಅದರ ಬೇರೆಲ್ಲ ಗುಣಗಳಿಗಿಂತ ಮಿಗಿಲೆಂದು ಎಣಿಸುತ್ತೇನೆ.

ದೋಷಗಳಿಲ್ಲವೆಂದಲ್ಲ. ಹಾಸಿಲ್ಲದೆಡೆ ಚಿತ್ರವಿಲ್ಲ; ಮೇಜಿನ ಮಟ್ಟಕ್ಕೆ ತಲೆ ತಗ್ಗಿಸಿ ನೋಡಿದರೆ, ಎತ್ತರದ ಗೋಪುರದ ಹಿಂದೆ ಹಾಸು ಮುಗಿದುಹೋಗುವುದರಿಂದ, ಅದರ ಶಿಖರ ಕತ್ತರಿಯಾಡಿದಂತೆ ತುಂಡಾಗಿಬಿಡುತ್ತದೆ. ಗೋಪುರದ ಹಿಂದಕ್ಕೆ ಕೈ ಚಾಚಿದರಂತೂ, ಮರೆಯಾಗಬೇಕಾದ ಕೈಯೇ ಗೋಪುರವನ್ನು ಅಳಿಸಿಹಾಕುತ್ತದೆ.

ಇದಕ್ಕಿಂತಲೂ ನನ್ನನ್ನು ನೋಯಿಸುವುದು ನಿರ್ಮಾತೃಗಳ ಆಗಿನ ಚಂಚಲತೆ. ಕನ್ನಡಕಕ್ಕೆ ಮೇಲಿಂದ ಸಿಕ್ಕಿಸುವ ಉಪಕರಣವೊಂದನ್ನು ಸೇರಿಸಿ, ಹಾಸೇ ಬೇಡವಾಗುವಂತೆಯೂ, ಹೊರಜಗತ್ತನ್ನು ಮುಚ್ಚಿ ಮಾಯಾಲೋಕವನ್ನೇ ತೋರುವಂತೆಯೂ ಮಾಡುವೆವೆಂದು ಅವರು ವಚನವಿತ್ತರು. ಯಾವ ಮಿತಿಯಿಂದ ಆ ಕಲ್ಪನೆಗೆ ಜೀವ ಬಂದಿತ್ತೋ ಅದನ್ನೇ ಕೊರತೆಯೆಂದು ಬಗೆದದ್ದು ದೊಡ್ಡ ತಪ್ಪು. ಕಿಕ್‌ಸ್ಟಾರ್ಟರ್ ಜಾಲತಾಣದಲ್ಲಿ ಜನ 10 ಲಕ್ಷ ಡಾಲರಿಗೂ ಮೀರಿ ಹಣ ಕೊಟ್ಟಿದ್ದರೂ, ಅವರ ಸಂಸ್ಥೆ 2017ರಲ್ಲಿ ಮುಚ್ಚಿತು.

ಎಲ್ಸ್‌ವರ್ತ್ ಕೈಬಿಡಲಿಲ್ಲ. 2019ರಲ್ಲಿ ‘ಟಿಲ್ಟ್ ಫೈವ್’ ಎಂಬ ಹೊಸ ಹೆಸರಿನಲ್ಲಿ ಆ ಕನ್ನಡಕ ಮರಳಿ ಬಂದಾಗ ಸಿಕ್ಕಿಸುವ ಉಪಕರಣ ಮಾಯವಾಗಿತ್ತು. ಮೇಜು, ಹಾಸು, ಸುತ್ತ ಕುಳಿತು ಆಡುವವರು, ಇಷ್ಟೇ ಉಳಿದಿತ್ತು. ತುಂಡಾಗುವ ಶಿಖರಕ್ಕೂ ಅಲ್ಲಿ ಉತ್ತರವುಂಟು: ಹಾಸನ್ನು ತುಸು ಉದ್ದವಾಗಿಸಿ, ಅದರ ಹಿಂದಂಚನ್ನು ಇಳಿಜಾರಾಗಿ ಮೇಲೆತ್ತಿ ನಿಲ್ಲಿಸಿದ್ದಾರೆ.