ನಾಲ್ಕು ಮುಷ್ಟಿ ಯೂರಿಯಾ

ಮುಂಬಯಿಯ ಬಾಂದ್ರಾದ ಹೌಸಿಂಗ್ ಸೊಸೈಟಿಗಳ ಪುಟ್ಟ ಲಾನ್‌ಗಳನ್ನು ಮಳೆಗಾಲ ಮುಗಿದು ಗೊಬ್ಬರ ಬಿದ್ದ ಹತ್ತು ದಿನಕ್ಕೆ ನೋಡಬೇಕು. ಅಲ್ಲಲ್ಲಿ ಅಂಗೈ ಅಗಲದ ಕಡುಹಸಿರು ಮಚ್ಚೆ, ಕೆಲವು ಮಚ್ಚೆಗಳ ನಡುವೆ ಸುಟ್ಟು ಕಂದಾದ ಹುಲ್ಲು, ಉಳಿದೆಡೆ ಮೊದಲಿದ್ದ ಹಳದಿಯೇ. ಎಲ್ಲ ಕಡೆಗೂ ಬಿದ್ದದ್ದು ಒಂದೇ ಚೀಲದ ಗೊಬ್ಬರ, ಎರಚಿದ್ದು ಒಂದೇ ದಿನ. ಇದನ್ನು ಕಂಡವರು ಸಾಮಾನ್ಯವಾಗಿ ಗೊಬ್ಬರದ ಕಂಪನಿಯನ್ನೋ ಹುಲ್ಲಿನ ತಳಿಯನ್ನೋ ದೂರುತ್ತಾರೆ. ನನ್ನ ದೂರು ಎರಚುವ ಕ್ರಮದ ಮೇಲೆ.

ಲೆಕ್ಕ ಹಾಕಿ ನೋಡೋಣ. ಆರು ಮೀಟರ್ ಉದ್ದ, ಐದು ಮೀಟರ್ ಅಗಲದ ಲಾನ್. ಬಾಂದ್ರಾದಲ್ಲಿ ಅಷ್ಟು ನೆಲವನ್ನು ಹುಲ್ಲಿಗೆ ಬಿಟ್ಟುಕೊಟ್ಟಿದ್ದಾರೆ ಎಂದರೆ ಅದೇ ದೊಡ್ಡದು. ಚದರ ಮೀಟರಿಗೆ 5 ಗ್ರಾಂ ಯೂರಿಯಾ ಒಂದು ಸಲಕ್ಕೆ ಸಾಕು. ಯೂರಿಯಾದಲ್ಲಿ ಶೇ. 46 ಸಾರಜನಕ ಇರುವುದರಿಂದ ಹುಲ್ಲಿಗೆ ಎರಡು ಗ್ರಾಂಗಿಂತ ತುಸು ಹೆಚ್ಚೇ ಸಿಗುತ್ತದೆ. ಇಡೀ ಲಾನ್‌ಗೆ 150 ಗ್ರಾಂ ಆಯಿತು. ದೊಡ್ಡವರ ಮುಷ್ಟಿಯಲ್ಲಿ ಸುಮಾರು 40 ಗ್ರಾಂ ಯೂರಿಯಾ ಹಿಡಿಸುತ್ತದೆ. ಅಂದರೆ ನಾಲ್ಕು ಮುಷ್ಟಿಯೂ ಪೂರ್ತಿ ಬೇಡ, ಒಂದೊಂದು ಮುಷ್ಟಿಯೂ ಎಂಟು ಚದರ ಮೀಟರ್ ನೆಲವನ್ನು ತಲುಪಬೇಕು. ಬರಿಗೈಯಲ್ಲಿ ಇದು ಆಗುವ ಮಾತಲ್ಲ. ಎಕರೆಗಟ್ಟಲೆ ಗದ್ದೆಯಲ್ಲಿ ತೋಳು ಬೀಸಿ ಎರಚುವಾಗ ಒಂದು ಬೀಸಿನ ತಪ್ಪು ಮುಂದಿನ ಬೀಸಿನಲ್ಲಿ ಮುಚ್ಚಿಹೋಗುತ್ತದೆ. ಐದು ಮೀಟರ್ ಅಗಲದ ಜಾಗದಲ್ಲಿ ತೋಳು ಬೀಸಲು ಎಡೆಯಿಲ್ಲ. ಮಾಲಿ ಮಣಿಕಟ್ಟು ಕುಲುಕಿ ಚಿಮುಕಿಸುತ್ತಾನೆ, ಕಾಳುಗಳು ಅವನ ಕಾಲಬುಡದಲ್ಲೇ ಗುಂಪಾಗಿ ಬೀಳುತ್ತವೆ.

ಗುಂಪಾಗಿ ಬಿದ್ದಲ್ಲಿ ಏನಾಗುತ್ತದೆ ಎಂಬುದನ್ನು ಡಿಸೆಂಬರಿನ ಒಂದು ಮುಂಜಾನೆ ಬಗ್ಗಿ ನೋಡಿದರೆ ತಿಳಿಯುತ್ತದೆ. ಇಬ್ಬನಿಗೆ ಒದ್ದೆಯಾದ ಎಸಳಿಗೆ ಬಿಳಿ ಕಾಳು ಅಂಟಿಕೊಳ್ಳುತ್ತದೆ, ಅಂಚಿನಿಂದ ಕರಗುತ್ತ ಗಟ್ಟಿ ದ್ರಾವಣದ ಒಂದು ಹನಿಯಾಗುತ್ತದೆ. ಆ ಹನಿ ಎಸಳಿನೊಳಗಿನ ನೀರನ್ನೇ ಹೀರಿ ಹೊರಗೆಳೆಯುತ್ತದೆ. ಬಿಸಿಲೇರಿದಂತೆ ಎಸಳು ಸುರುಟಿಕೊಳ್ಳುತ್ತದೆ, ಎರಡು ದಿನಕ್ಕೆ ಆ ಜಾಗ ಒಣ ಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ. 2015ರಿಂದ ಯೂರಿಯಾಕ್ಕೆ ಬೇವಿನೆಣ್ಣೆಯ ಲೇಪನ ಕಡ್ಡಾಯವಾಗಿದೆ. ಲೇಪನ ಇದೆ, ಸುಡುವುದಿಲ್ಲ ಎಂದು ಕೆಲವರು ಧೈರ್ಯ ಹೇಳುತ್ತಾರೆ, ಅದನ್ನು ನಂಬಬಾರದು. ಬೇವು ಮಣ್ಣಿನೊಳಗೆ ಸಾರಜನಕ ಬೇಗ ಪೋಲಾಗದಂತೆ ತಡೆಯುತ್ತದೆಯೇ ಹೊರತು ಎಸಳಿನ ಮೇಲೆ ಕೂತ ಕಾಳಿಗೆ ಅದರಿಂದ ಏನೂ ಆಗುವುದಿಲ್ಲ. ಇನ್ನೊಂದು ತೊಂದರೆ ಚೀಲದ್ದು. 45 ಕಿಲೋ ಚೀಲ ತಂದಿಟ್ಟರೆ ಇಂಥ ಲಾನ್‌ಗೆ ಮುನ್ನೂರು ಸಲಕ್ಕೆ ಬರುತ್ತದೆ. ಮುಂಬಯಿಯ ತೇವದ ಗಾಳಿಗೆ ಅದು ಅಷ್ಟರೊಳಗೆ ಗಡ್ಡೆಕಟ್ಟಿರುತ್ತದೆ, ಒಡೆದ ಗಡ್ಡೆಯ ಚೂರುಗಳು ಮಚ್ಚೆಗಳನ್ನು ಇನ್ನಷ್ಟು ದೊಡ್ಡದು ಮಾಡುತ್ತವೆ.

ಕೈಯ ಬದಲು ಯಂತ್ರ ತಂದರೆ? ಹಿಡಿಕೆ ತಿರುಗಿಸಿ ಎರಚುವ ಸ್ಪ್ರೆಡರ್ ಈಗ ಮುಂಬಯಿಯಲ್ಲೂ ಸಿಗುತ್ತದೆ. ವಿಶಾಲ ಮೈದಾನಕ್ಕೆ ಒಳ್ಳೆಯ ಸಾಧನ, ಸೊಸೈಟಿ ಲಾನ್‌ಗೆ ಅಲ್ಲ. ಅದು ಮಧ್ಯದಲ್ಲಿ ಹೆಚ್ಚು, ಅಂಚಿನಲ್ಲಿ ಕಡಿಮೆ ಚೆಲ್ಲುತ್ತದೆ. ಸಮವಾಗಬೇಕಾದರೆ ಒಂದು ಸಾಲಿನ ಮೇಲೆ ಇನ್ನೊಂದು ಸಾಲು ಹಾಯಬೇಕು. ಚಿಕ್ಕ ಲಾನ್‌ನಲ್ಲಿ ಹಾಗೆ ಹಾಯುವಷ್ಟು ಜಾಗವಿಲ್ಲ, ಕಾಳುಗಳಲ್ಲಿ ಒಂದಷ್ಟು ಪೇವರ್ ಬ್ಲಾಕ್ ಮೇಲೆ ಬಿದ್ದು ಗಟಾರ ಸೇರುತ್ತವೆ.

ಮುಂಬಯಿಯ ಮಾಲಿಗಳಿಗೆ ಒಂದು ಕೆಲಸ ಮಾತ್ರ ಸೊಗಸಾಗಿ ಗೊತ್ತು, ಅದನ್ನು ಮನಸಾರೆ ಮೆಚ್ಚುತ್ತೇನೆ. ಟ್ರಕ್ಕಿನಲ್ಲಿ ಬರುವ ಕೆಂಪು ಮಣ್ಣಿಗೆ, ಅವರ ಮಾತಿನ ಲಾಲ್ ಮಾತಿಗೆ, ಹಳೆಯ ಸೆಗಣಿ ಗೊಬ್ಬರ ಬೆರೆಸಿ ಲಾನ್ ಮೇಲೆ ತೆಳುವಾಗಿ ಹರಡುತ್ತಾರೆ. ಹರಡಿದ ಮೇಲೆ ಉದ್ದ ಹಿಡಿಯ ಕಡ್ಡಿ ಪೊರಕೆಯಿಂದ ಹಿಂದಕ್ಕೂ ಮುಂದಕ್ಕೂ ಎಳೆದು ಮಣ್ಣನ್ನು ಎಸಳಿನ ಬುಡಕ್ಕೆ ಇಳಿಸುತ್ತಾರೆ. ತಗ್ಗು ತುಂಬುತ್ತದೆ, ದಿಬ್ಬ ಬರಿದಾಗುತ್ತದೆ, ಅಳತೆಯಿಲ್ಲದೆಯೂ ನೆಲ ಸಮವಾಗುತ್ತದೆ. ಜರಡಿ ಹಿಡಿಯದ ಮಣ್ಣಿನ ಜೊತೆ ಕೊನ್ನಾರಿ ಕಳೆಯ ಗಡ್ಡೆಯೂ ಬಂದು ಸೇರಿದರೆ ಆ ಲಾನ್‌ಗೆ ವರ್ಷಗಟ್ಟಲೆ ಬಿಡುಗಡೆಯಿಲ್ಲ, ಅದು ಬೇರೆ ಮಾತು. ಇಷ್ಟು ನಾಜೂಕಾಗಿ ಮಣ್ಣು ಹರಡುವ ಅದೇ ಕೈ ಯೂರಿಯಾವನ್ನು ಮಾತ್ರ ಬಿಡಿಬಿಡಿಯಾಗಿ ಚಿಮುಕಿಸಿ ಹೋಗುವುದೇಕೆ?

ಎರಡನ್ನೂ ಒಂದು ಮಾಡುವ ದಾರಿ ಭತ್ತದ ಗದ್ದೆಯಿಂದ ಸಿಗುತ್ತದೆ. ಯೂರಿಯಾವನ್ನು ಅದರ ಐದು ಹತ್ತು ಪಾಲು ಹಸಿ ಮಣ್ಣಿನಲ್ಲಿ ಕಲಸಿ, ಒಂದೆರಡು ದಿನ ನೆರಳಿನಲ್ಲಿಟ್ಟು, ಆಮೇಲೆ ಎರಚಬೇಕೆಂದು ಕೃಷಿ ವಿಜ್ಞಾನಿಗಳು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. ಅವರ ಗುರಿ ಸಾರಜನಕದ ಉಳಿತಾಯ, ಚಿಕ್ಕ ಲಾನ್‌ಗೆ ಅದರಿಂದ ಸಿಗುವ ಲಾಭ ಬೇರೆಯೇ. ಕಾಳು ಮಣ್ಣಿನಲ್ಲಿ ಕರಗಿ ಕಾಣೆಯಾಗುತ್ತದೆ. ಹತ್ತು ಪಾಲು ಮಣ್ಣು ಬೆರೆಸಿದರೆ 150 ಗ್ರಾಂ ಇದ್ದದ್ದು ಒಂದೂವರೆ ಕಿಲೋಗಿಂತ ಹೆಚ್ಚಾಗುತ್ತದೆ. ಕೈಗೆ ಎರಚಲು ಏನಾದರೂ ಸಿಗುತ್ತದೆ. ಒಣ ಮರಳಿನಲ್ಲಿ ಕಲಸುವವರೂ ಇದ್ದಾರೆ. ಆದರೆ ಬಕೆಟ್ ಕುಲುಕಿದಂತೆ ದಪ್ಪ ಕಾಳು ಮೇಲೆ ಬರುತ್ತದೆ, ಸಣ್ಣ ಮರಳು ಕೆಳಗಿಳಿಯುತ್ತದೆ, ಮೊದಲ ಮುಷ್ಟಿಯಲ್ಲೇ ಗೊಬ್ಬರದ ಬಹುಪಾಲು ಖರ್ಚಾಗಿಬಿಡುತ್ತದೆ. ಮಣ್ಣಿನಲ್ಲಿ ಕರಗಿಸಿದರೆ ಈ ಗೊಡವೆಯೇ ಇಲ್ಲ.

ಹೀಗೆ ತಯಾರಾದ ಮಣ್ಣನ್ನು ಜರಡಿಯಾಡಿಸಿ ಎರಡು ಪಾಲು ಮಾಡಬೇಕು. ಒಂದು ಪಾಲನ್ನು ಉದ್ದುದ್ದ ನಡೆದು ಎರಚುವುದು, ಇನ್ನೊಂದನ್ನು ಅಡ್ಡಡ್ಡ. ನೂಲು ಕಟ್ಟಿ ಲಾನನ್ನು ಆರು ಭಾಗ ಮಾಡಿ, ಪಾಲನ್ನೂ ಆರು ಮಾಡಿಕೊಂಡರೆ ಕೊನೆಗೆ ಸಾಲದೆ ಬರುವ ಭಯವಿಲ್ಲ. ಎಸಳು ಒಣಗಿರಬೇಕು. ಎರಚಿದ ಕೂಡಲೇ ಪೊರಕೆಯಾಡಿಸಿ ಸುಮಾರು ಹತ್ತು ಬಕೆಟ್ ನೀರು ಹಾಯಿಸಬೇಕು. ಬಿಸಿಲಿನಲ್ಲಿ ಹಾಗೇ ಬಿಟ್ಟರೆ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ಇಷ್ಟೂ ಬೇಡವೆಂದರೆ ಟ್ರಾಂಬೆಯ ಆರ್‌ಸಿಎಫ್ ಕಂಪನಿಯ ಸುಫಲಾ 15:15:15 ಗೊಬ್ಬರ ಇದೆ. ಅದರಲ್ಲಿ ಸಾರಜನಕ ಶೇ. 15 ಮಾತ್ರ, ಹಾಗಾಗಿ ಅದೇ ಸಾರಜನಕಕ್ಕೆ ಸುಮಾರು ಮೂರರಷ್ಟು ತೂಕ, 460 ಗ್ರಾಂ ಬೇಕು. ತೂಕ ಹೆಚ್ಚಾದಷ್ಟೂ ಎರಚುವುದು ಸುಲಭ.

ಸಮ ಎಂದರೆ ಎಲ್ಲ ಕಡೆಗೂ ಒಂದೇ ಅಳತೆ ಎಂಬುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಹಳೆಯ ಬಂಗಲೆಗಳ ಜಾಗದಲ್ಲಿ ಎದ್ದ ಟವರ್‌ಗಳ ನೆರಳಿನಲ್ಲಿ ಲಾನ್‌ನ ಅರ್ಧಭಾಗಕ್ಕೆ ದಿನಕ್ಕೆ ಎರಡು ಮೂರು ಗಂಟೆಯ ಬಿಸಿಲೂ ಸಿಗುವುದಿಲ್ಲ. ಅಲ್ಲಿನ ಹುಲ್ಲು ನಿಧಾನ ಬೆಳೆಯುತ್ತದೆ, ಪೂರ್ತಿ ಗೊಬ್ಬರ ಕೊಟ್ಟರೆ ಸೊರಗಿದ ಮೆದು ಎಸಳು ಬಿಟ್ಟು ಬೂಷ್ಟು ಹಿಡಿಸಿಕೊಳ್ಳುತ್ತದೆ. ನೆರಳಿನ ಕಡೆಗೆ ಅರ್ಧ ಸಾಕು; ಆ ಅರ್ಧದೊಳಗೆ ಸಮ. ಪೋಡಿಯಂ ಮೇಲಿನ ಲಾನ್‌ಗಳಿಗೂ ಕೈ ಬಿಗಿಹಿಡಿಯಬೇಕು, ಸ್ಲ್ಯಾಬಿನ ಮೇಲಿನ ತೆಳು ಮಣ್ಣು ಹೆಚ್ಚನ್ನು ತಡೆದುಕೊಳ್ಳುವುದಿಲ್ಲ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಏನೂ ಬೇಡ. ಆ ನಾಲ್ಕು ತಿಂಗಳಲ್ಲಿ ಮುಂಬಯಿಗೆ 2000 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ, ಎಷ್ಟು ಸಮವಾಗಿ ಎರಚಿದರೂ ಗೊಬ್ಬರ ಮಾಹಿಮ್ ಖಾಡಿಗೆ ಹೋಗಿ ಸೇರುತ್ತದೆ.

ಮಾಲಿಯನ್ನು ದೂರಿ ಪ್ರಯೋಜನವಿಲ್ಲ. ಬೆಳಗಿನ ಹೊತ್ತಿನಲ್ಲಿ ನಾಲ್ಕೈದು ಸೊಸೈಟಿ ಮುಗಿಸಬೇಕಾದವನಿಗೆ ನೂಲು ಕಟ್ಟಲು ಬಿಡುವೆಲ್ಲಿ? ಗೊಬ್ಬರದ ದಿನ ಅವನಿಗೆ ಒಂದು ಗಂಟೆ ಹೆಚ್ಚಿನ ಕೂಲಿ, ಮಾಲಿಕೋಣೆಯಲ್ಲಿ ಒಂದು ಅಡುಗೆಮನೆಯ ತಕ್ಕಡಿ, ಒಂದು ಜರಡಿ: ಕಮಿಟಿಗಳು ಗುತ್ತಿಗೆಯಲ್ಲಿ ಇಷ್ಟನ್ನು ಬರೆದುಕೊಡಬೇಕು.