ಡಂಗುರ ಯಾರದು, ಸುದ್ದಿ ಯಾರದು?

ಯುಗಾದಿ ಕಳೆದ ವಾರದಲ್ಲಿ ಒಂದು ಮೇಳದ ಹುಡುಗರು ನನ್ನನ್ನು ಹುಡುಕಿಕೊಂಡು ಬಂದರು. ತಮಟೆಯ ಇಬ್ಬರು ನ್ಯಾಮತಿ ಸೀಮೆಯವರು. ಹಾಡುವ ಹುಡುಗಿ ಹೊನ್ನಾಳಿ ಕಡೆಯವಳು. ಕೀಬೋರ್ಡಿನವನು ಚನ್ನಗಿರಿಯವನು, ಉರುಮೆಯವನು ಜಗಳೂರಿನವನು. ಮಾರಿಹಬ್ಬ, ಮದುವೆ, ಅಂಬೇಡ್ಕರ್ ಜಯಂತಿ, ಇವೇ ಅವರ ರಂಗ. ಈಗ ತಾವೇ ಪದ ಕಟ್ಟಿ, ತಾವೇ ದುಡ್ಡು ಹಾಕಿ ನಾಲ್ಕು ಹಾಡು ರೆಕಾರ್ಡ್ ಮಾಡಿಸಿದ್ದಾರೆ. ಯಾವ ಕಂಪನಿಯ ಹಂಗೂ ಇಲ್ಲ.

"ಅಣ್ಣಾ, ಬೆಂಗ್ಳೂರಾಗೆ ಒಬ್ರು ಪ್ರಚಾರ ಮಾಡಿಕೊಡ್ತೀವಿ ಅಂತಾರೆ. ಪೇಪರಿಗೆ ಬರಸ್ತಾರಂತೆ, ರೇಡಿಯೋದಾರಿಗೆ ಕಳಸ್ತಾರಂತೆ, ಮೊಬೈಲ್‌ನಾಗೆ ನಮ್ ಹಾಡು ಮ್ಯಾಲೆ ಬರಂಗೆ ಮಾಡ್ತಾರಂತೆ. ಮೂರು ತಿಂಗ್ಳಿಗೆ ಅವ್ರು ಕೇಳಾದು ನಮ್ಮ ಒಂದು ಸುಗ್ಗಿ ದುಡಿಮೆ. ಕೊಡಾಣೋ ಬ್ಯಾಡವೋ?"

ಹೀಗೆ ಕೇಳಿದವನು ಉರುಮೆಯ ಹುಡುಗ. ಇಂಥ ಪ್ರಶ್ನೆಗೆ ನಮ್ಮ ವಿಮರ್ಶೆಯ ಬಳಿ ಉತ್ತರವಿಲ್ಲ. ದಲಿತ ಸಾಹಿತ್ಯದ ಭಾಷೆ, ಆಕ್ರೋಶ, ಅನುಭವದ ಅಧಿಕೃತತೆ ಇವುಗಳ ಬಗ್ಗೆ ನಾವು ಪುಟಗಟ್ಟಲೆ ಬರೆದಿದ್ದೇವೆ. ದಲಿತನ ಹಾಡು ಕೇಳುವವನ ಕಿವಿಗೆ ಯಾವ ದಾರಿಯಲ್ಲಿ ಹೋಗುತ್ತದೆ, ದಾರಿಯಲ್ಲಿ ಸುಂಕ ಕಟ್ಟಿಸಿಕೊಳ್ಳುವವರು ಯಾರು ಎಂದು ಬರೆದದ್ದು ಕಮ್ಮಿ. ಮೇಳದ ಹೆಸರು ಇಲ್ಲಿ ಹಾಕಿಲ್ಲ. ಅದು ಅವರ ತೀರ್ಮಾನ. ಯಾಕೆಂದು ಕೊನೆಗೆ ಹೇಳುತ್ತೇನೆ.

ಪ್ರಚಾರ ಅನ್ನುವುದು ನಮಗೆ ಹೊಸದಲ್ಲ. ಈ ಸೀಮೆಯ ಬಹುಪಾಲು ಊರುಗಳಲ್ಲಿ ಪ್ರಚಾರದ ಕೆಲಸ ಮಾಡಿದವರೇ ನಮ್ಮ ಕೇರಿಯವರು. ನಮ್ಮಪ್ಪ ಊರಿನ ಡಂಗುರ ಹೊಡೆಯುತ್ತಿದ್ದ. ಕೆರೆಗೆ ನೀರು ಬಿಟ್ಟರೆ ಡಂಗುರ, ಜಾತ್ರೆ ಸಾರಿದರೆ ಡಂಗುರ, ಕಂದಾಯಕ್ಕೆ ಸಾಹೇಬರು ಬಂದರೆ ಡಂಗುರ. ಚಿಟ್ಟೆಹುಲ್ಲಿಗೆ ಬೆಂಕಿ ಹಾಕಿ ತಮಟೆ ಕಾಯಿಸಿ, ಅಗಸೆ ಬಾಗಿಲಿಂದ ಹಿಡಿದು ಓಣಿ ಓಣಿ ತಿರುಗಿ "ಕೇಳ್ರಪ್ಪೋ ಕೇಳ್ರಿ" ಅನ್ನುತ್ತಿದ್ದ. ಮೇಲ್ಜಾತಿ ಓಣಿಯಲ್ಲಿ ಎಲ್ಲಿ ನಿಂತು ಕೂಗಬೇಕು ಅನ್ನುವುದಕ್ಕೂ ಗೆರೆ ಇತ್ತು. ಕೂಲಿ ಅಂದರೆ ಸುಗ್ಗಿಯಲ್ಲಿ ಕಣಕ್ಕೆ ಹೋಗಿ, ಕೈಕಟ್ಟಿ ನಿಂತು, ಮೊರದಲ್ಲಿ ತರುವ ಆಯ. ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ರದ್ದು ಮಾಡುವ ಕಾಯ್ದೆ ನಮ್ಮ ರಾಜ್ಯದಲ್ಲಿ 1961ರಲ್ಲೇ ಬಂತು. ಹುದ್ದೆ ಹೋಯಿತು, ತಮಟೆ ಹೋಗಲಿಲ್ಲ. ಕಾಯ್ದೆ ಬಂದ ಎಷ್ಟೋ ವರ್ಷದ ಮೇಲೂ ನಮ್ಮಪ್ಪ ಬಡಿಯುತ್ತಲೇ ಇದ್ದ.

ಒಂದು ಸಲ ಬಾಕಿದಾರರ ಜಪ್ತಿಯ ಡಂಗುರ ಹೊಡೆಯಲು ಹೇಳಿದರು. ಹೆಸರುಗಳನ್ನು ಬಾಯಿಪಾಠ ಮಾಡಿಸಿದರು. ಅದರಲ್ಲಿ ಅಪ್ಪನ ಅಣ್ಣನ ಹೆಸರೂ ಇತ್ತು. ಅಪ್ಪ ಬಿಡದೆ ಕೂಗಿದ. ಸಂಜೆ ಮನೆಗೆ ಬಂದು ತಮಟೆಯನ್ನು ಗೂಟಕ್ಕೆ ಹಾಕಿ, ಯಾರ ಹತ್ತಿರವೂ ಮಾತಾಡದೆ ಮಲಗಿದ. ನನಗೆ ಆಗ ಅರ್ಥವಾಗಲಿಲ್ಲ. ಈಗ ಹೀಗೆ ಹೇಳಬಲ್ಲೆ: ಅಪ್ಪನಿಗೆ ದನಿ ಇತ್ತು, ಮಾತು ಇರಲಿಲ್ಲ. ಡಂಗುರ ಅವನದು, ಸುದ್ದಿ ಊರವರದು.

ದಲಿತ ಸಂಘರ್ಷ ಸಮಿತಿ ಬಂದಾಗ ಬದಲಾದದ್ದು ಇದೇ. ಇವತ್ತಿನ ದಾವಣಗೆರೆ ಜಿಲ್ಲೆಯ ಹರಿಹರದಲ್ಲಿ ಹುಟ್ಟಿದ ಬಿ. ಕೃಷ್ಣಪ್ಪನವರು ಕಟ್ಟಿದ ಚಳವಳಿ ಹಳ್ಳಿಗಳಿಗೆ ಮೊದಲು ಬಂದದ್ದು ಭಾಷಣವಾಗಿ ಅಲ್ಲ, ಹಾಡಾಗಿ. ಸಿದ್ದಲಿಂಗಯ್ಯನವರ 'ಹೊಲೆಮಾದಿಗರ ಹಾಡು' 1975ರಲ್ಲಿ ಪುಸ್ತಕವಾಯಿತು. ಅದನ್ನು ಓದಿದವರಿಗಿಂತ ಕೇಳಿದವರು ಹೆಚ್ಚು. ಆ ಹಾಡುಗಳಿಗೆ ಪ್ರಚಾರ ಮಾಡಿದವರು ಯಾರು? ಜಾಥಾ, ಕರಪತ್ರ, ಗೋಡೆಬರಹ, ಬಸ್ ಚಾರ್ಜಿಗೆ ಕಾಸು ಕೂಡಿಸಿಕೊಂಡು ಬಂದ ಕಾಲೇಜು ಹುಡುಗರು. ಅಂದರೆ ಚಳವಳಿಯೇ ಹಾಡಿನ ಪ್ರಚಾರಕ, ಹಾಡೇ ಚಳವಳಿಯ ಪ್ರಚಾರಕ. ಅದೇ ತಮಟೆ, ಅದೇ ಓಣಿ. ಸುದ್ದಿ ಮಾತ್ರ ಈಗ ನಮ್ಮದು. ಪಕ್ಕದ ಆಂಧ್ರದಲ್ಲಿ 1994ರಲ್ಲಿ ಹುಟ್ಟಿದ ಮಾದಿಗ ಮೀಸಲಾತಿ ಹೋರಾಟಕ್ಕೆ ಜನ ಇಟ್ಟ ಹೆಸರೇ 'ದಂಡೋರ'. ದಂಡೋರ ಅಂದರೆ ಡಂಗುರ. ಊರಿನ ಸುದ್ದಿ ಸಾರಿದ ಜಾತಿ ತನ್ನ ಸುದ್ದಿ ಸಾರಿಕೊಂಡಿತು.

ಆದರೆ ಒಂದು ಮಾತನ್ನು ಮುಚ್ಚಿಡಬಾರದು. ಸಂಘಟನೆ ಹೋಳಾದ ಮೇಲೆ ಹಾಡುಗಾರನಿಗೆ ಇದ್ದ ಆ ಪ್ರಚಾರಕನೂ ಹೋದ. ಜೊತೆಗೆ ಇನ್ನೊಂದು ಬಿಕ್ಕಟ್ಟು ಇತ್ತು. ತಮಟೆ ಬಡಿಯುವುದೇ ಅವಮಾನ, ಬಿಡಿ ಎಂದು ನಾವೇ ಹೇಳಿದೆವು. ಸಾವಿಗೆ, ಮಾರಿಹಬ್ಬಕ್ಕೆ ಬಿಟ್ಟಿ ಬಡಿಯುವುದಿಲ್ಲ ಅಂದದ್ದು ಸರಿಯೇ. ಆದರೆ ಬಿಟ್ಟಿಯನ್ನು ಬಿಡುವ ಭರದಲ್ಲಿ ವಿದ್ಯೆಯನ್ನೂ ಬಿಟ್ಟ ಮನೆಗಳಿವೆ. ಚಳವಳಿಗೂ ಸಾಂಸ್ಕೃತಿಕ ನೆನಪಿಗೂ ನಡುವಿನ ಈ ಇಕ್ಕಟ್ಟನ್ನು ಡಿ.ಆರ್. ನಾಗರಾಜ್ 1993ರ 'ದಿ ಫ್ಲೇಮಿಂಗ್ ಫೀಟ್' ಪುಸ್ತಕದಲ್ಲಿ ಎತ್ತಿದ್ದರು. 2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರ ತಮಟೆಗೆ ಪದ್ಮಶ್ರೀ ಬಂದಾಗ ನಾವೆಲ್ಲ ಹಿಗ್ಗಿದೆವು. ಬಿಡದೆ ಬಡಿದವರಿಂದ ಬಂದ ಹಿಗ್ಗು ಅದು.

ಈಗ ಹುಡುಗರ ಸಂಗತಿಗೆ ಬರೋಣ. ಪ್ರಚಾರದವರು ಮಾದರಿಗೆಂದು ಒಂದು ಹಾಳೆ ಬರೆದು ಕಳಿಸಿದ್ದರು. ಪತ್ರಿಕೆಗಳಿಗೆ ಹೋಗುವ ಪರಿಚಯದ ಹಾಳೆ. ನಾವು ಪದ್ಯವನ್ನು ಓದುವಷ್ಟೇ ಎಚ್ಚರದಿಂದ ಈ ಹಾಳೆಯನ್ನೂ ಓದಬೇಕು.

ಮೊದಲ ಪ್ಯಾರಾದಲ್ಲಿ ಮಣ್ಣಿನ ವಾಸನೆ, ಮುಗ್ಧತೆ, ಸಾವಿರಾರು ವರ್ಷಗಳ ಲಯ. ಇವರು ಹಾಡಿರುವುದು ಕೂಲಿ, ಸಾಲ, ಮೆಕ್ಕೆಜೋಳದ ರೇಟು, ಬಾಗಿಲಲ್ಲೇ ನಿಲ್ಲಿಸಿ ನೀರು ಕೊಡುವ ಮನೆ. ಅದರಲ್ಲಿ ಮುಗ್ಧತೆ ಎಲ್ಲಿದೆ? ಎರಡನೆಯ ಪ್ಯಾರಾದಲ್ಲಿ ಇವರನ್ನು ಬುಡಕಟ್ಟಿನವರು ಅಂದಿದ್ದಾರೆ. ಜಾತಿ ಹೇಳಲು ಮುಜುಗರವಾದಾಗ ನಗರದವರು ಬುಡಕಟ್ಟು ಅನ್ನುತ್ತಾರೆ. ಬುಡಕಟ್ಟು ಅಂದರೆ ಕಾಡು, ಕೇಳುವುದಕ್ಕೆ ಚೆಂದ. ಕೇರಿ ಅಂದರೆ ಊರಿನ ಇನ್ನೊಂದು ತುದಿ, ಕೇಳಿದವರು ಲೆಕ್ಕ ಕೊಡಬೇಕಾಗುತ್ತದೆ. ಮೂರನೆಯ ಪ್ಯಾರಾದಲ್ಲಿ ರೆಕಾರ್ಡಿಂಗ್ ಮಾಡಿದ ಎಂಜಿನಿಯರ್ ಹೆಸರಿದೆ, ಸ್ಟುಡಿಯೋ ಹೆಸರಿದೆ, ಫೋಟೋ ತೆಗೆದವರ ಹೆಸರಿದೆ. ಹಾಡಿದ ಹುಡುಗಿ ಮತ್ತು ಬಡಿದ ಮೂವರು ಮಾತ್ರ 'ಹಳ್ಳಿಗಾಡಿನ ಕಲಾವಿದರು'. ದುಡ್ಡು ಕೊಡುತ್ತಿರುವವರೇ ಹೆಸರಿಲ್ಲದವರು!

ಹಾಳೆ ಬರೆದವರು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಕೈಗೆ ಸಿಕ್ಕ ಭಾಷೆಯಲ್ಲಿ ಬರೆದಿದ್ದಾರೆ. ಆ ಭಾಷೆ ನಮ್ಮ ಜಾನಪದ ಅಧ್ಯಯನದ ಮುನ್ನುಡಿಗಳಿಂದ ಬಂದದ್ದು. ಹಾಡಿದವಳನ್ನು 'ಅನಾಮಿಕ ಜನಪದ' ಮಾಡಿ, ಸಂಗ್ರಹಿಸಿದವರು ಸಂಪಾದಕರಾದ ಪುಸ್ತಕಗಳು ನಮ್ಮ ಗ್ರಂಥಾಲಯದ ತುಂಬ ಇವೆ.

ದೊಡ್ಡ ಪ್ರಚಾರ ಸಿಕ್ಕರೆ ಎಲ್ಲ ಸರಿಹೋಗುತ್ತದೆ ಅನ್ನುವವರು ತಮಿಳುನಾಡಿನ ಕಡೆ ನೋಡಬೇಕು. ಪಾ. ರಂಜಿತ್ ಬೆಂಬಲದಲ್ಲಿ ರೂಪುಗೊಂಡ 'ಕಾಸ್ಟ್‌ಲೆಸ್ ಕಲೆಕ್ಟಿವ್' ತಂಡ 2018ರ ಜನವರಿಯಲ್ಲಿ ಚೆನ್ನೈನಲ್ಲಿ ವೇದಿಕೆ ಹತ್ತಿತು. ಗಾನಾ, ಪರೈ, ರ‍್ಯಾಪ್ ಸೇರಿಸಿ ಜಾತಿಯನ್ನು ನೇರವಾಗಿ ಹಾಡಿತು. ಆ ತಂಡದ ಅರಿವು, ಗಾಯಕಿ ಧೀ ಜೊತೆ ಹಾಡಿದ 'ಎಂಜಾಯ್ ಎಂಜಾಮಿ' 2021ರ ಮಾರ್ಚಿನಲ್ಲಿ ಬಂದು ಲೋಕವನ್ನೇ ಸುತ್ತಿತು. ಅರಿವುವಿನ ಅಜ್ಜಿಯ ತಲೆಮಾರಿನ ಭೂಮಿಯಿಲ್ಲದವರ ಬಾಳು ಅದರೊಳಗಿದೆ. ಅದೇ ವರ್ಷದ ಆಗಸ್ಟಿನಲ್ಲಿ 'ರೋಲಿಂಗ್ ಸ್ಟೋನ್ ಇಂಡಿಯಾ' ಪತ್ರಿಕೆ ಈ ಹಾಡನ್ನೂ ಹೊಗಳಿ ಮುಖಪುಟ ಮಾಡಿತು. ಮುಖಪುಟದಲ್ಲಿ ಅರಿವು ಇರಲಿಲ್ಲ. ರಂಜಿತ್ ಬಹಿರಂಗವಾಗಿ ಪ್ರಶ್ನಿಸಿ ಗದ್ದಲವಾದ ಮೇಲೆ ಅರಿವುಗೆ ಬೇರೆ ಮುಖಪುಟ ಬಂತು. 2024ರಲ್ಲಿ ಹಾಡಿನ ಸಂಗೀತ ಮಾಡಿದ ಸಂತೋಷ್ ನಾರಾಯಣನ್, ಇದರಿಂದ ತಮಗೂ ಧೀ, ಅರಿವು ಇಬ್ಬರಿಗೂ ಹಣ ಬಂದಿಲ್ಲವೆಂದು ಹೇಳಿದರು. ಹಾಡು ಎಲ್ಲರ ಬಾಯಲ್ಲಿ. ಹೆಸರಿಗೆ ಜಗಳ, ಕೈ ಖಾಲಿ. ಪ್ರಚಾರ ಕಮ್ಮಿಯಾಗಿ ಆದದ್ದಲ್ಲ ಇದು. ಸುದ್ದಿಯ ಮೇಲೆ, ಲೆಕ್ಕದ ಮೇಲೆ ಹಿಡಿತ ಇಲ್ಲದೆ ಆದದ್ದು.

ಹಾಗಾದರೆ ಕೊಡಬಾರದೆ? ನಮ್ಮ ಕಾರ್ಯಕರ್ತ ಗೆಳೆಯರು ಎರಡು ಮಾತು ಹೇಳುತ್ತಾರೆ. ಒಂದು, ಹೋರಾಟದ ಹಾಡನ್ನು ಮಾರುಕಟ್ಟೆಗೆ ಇಡಬಾರದು. ಇನ್ನೊಂದು, ಸತ್ವ ಇದ್ದರೆ ಹಾಡು ತಾನೇ ಜನರನ್ನು ಮುಟ್ಟುತ್ತದೆ. ಮೊದಲನೆಯದು ಸಂಬಳದವರ ಮಾತು. ಗಣಪತಿ ಮೆರವಣಿಗೆಗೆ ಡಿಜೆ ಬಂದು ಅರ್ಧ ದುಡಿಮೆ ಕಳಕೊಂಡವನಿಗೆ ಇದನ್ನು ಹೇಳಲು ಬಾಯಿ ಬರುವುದಿಲ್ಲ. ಎರಡನೆಯದು ಮೇಲ್ಜಾತಿಯವರ 'ಪ್ರತಿಭೆ' ವಾದ. ವೇಷ ಬದಲಿಸಿ ನಮ್ಮ ಮನೆಗೆ ಬಂದಿದೆ. ತಾನೇ ತಾನಾಗಿ ಮುಟ್ಟುವ ಹಾಡಿನ ಹಿಂದೆ ಯಾವಾಗಲೂ ಯಾರೋ ಇರುತ್ತಾರೆ: ಮಠ, ಸಭಾ, ಅಕಾಡೆಮಿ, ಪತ್ರಿಕೆಯಲ್ಲಿರುವ ಸ್ವಜಾತಿ ಮಿತ್ರ. ಅವರಿಗೆ ಪ್ರಚಾರ ಪುಕ್ಕಟೆ. ನಮ್ಮವರು ಕೊಂಡುಕೊಳ್ಳಬೇಕು.

ಆದ್ದರಿಂದ ನಾನು ಹುಡುಗರಿಗೆ ಹೇಳಿದ್ದು: ಕೊಡಿ, ಆದರೆ ಧಣಿಗಳಾಗಿ ಕೊಡಿ. ದುಡ್ಡು ಕೊಡುವವರು ನೀವು. ಹಾಳೆಯನ್ನು ನೀವು ಹೇಳಬೇಕು, ಅವರು ಬರೆಯಬೇಕು. ಪ್ರತಿಯೊಬ್ಬರ ಹೆಸರು, ಊರು ಪ್ರತಿ ಕಾಗದದಲ್ಲಿ ಇರಬೇಕು. ಇದು ದಯೆಯಲ್ಲ, ಕೃತಿಸ್ವಾಮ್ಯ ಕಾಯ್ದೆಗೆ 1994ರಲ್ಲಿ ಪ್ರದರ್ಶಕರ ಹಕ್ಕು ಸೇರಿತು, 2012ರ ತಿದ್ದುಪಡಿ ಪ್ರದರ್ಶಿಸಿದವರಿಗೆ ತಮ್ಮ ಹೆಸರು ಹೇಳಿಸಿಕೊಳ್ಳುವ ಹಕ್ಕನ್ನೂ ಕೊಟ್ಟಿತು. ಯೂಟ್ಯೂಬ್ ಚಾನೆಲ್ಲಿನ ಪಾಸ್‌ವರ್ಡ್ ನಿಮ್ಮ ಕೈಯಲ್ಲಿರಲಿ. ಹಾಡನ್ನು ಬೇರೆಯವರು ತಮ್ಮದೆಂದು ದಾಖಲಿಸಿಕೊಂಡರೆ ನಾಳೆ ನಿಮ್ಮ ಹಾಡಿಗೆ ನಿಮಗೇ ತಕರಾರು ಬರುತ್ತದೆ. ಕರಾರು ಕನ್ನಡದಲ್ಲಿ ಬರೆಸಿ. ಪ್ರಚಾರಕ್ಕೆ ಕೂಲಿ ಕೊಡಿ, ಹಾಡಿನಲ್ಲಿ ಪಾಲು ಬರೆದುಕೊಡಬೇಡಿ. ಮೂರು ತಿಂಗಳ ಹಣ ಒಟ್ಟಿಗೆ ಬೇಡ, ತಿಂಗಳಿಗೊಮ್ಮೆ. ಏನು ಕಳಿಸಿದರು, ಯಾರಿಗೆ ಕಳಿಸಿದರು ಲೆಕ್ಕ ಕೇಳಿ. ಇಷ್ಟು ಹಣಕ್ಕೆ ಇಷ್ಟು ಜನ ಕೇಳುತ್ತಾರೆಂದು ಖಾತ್ರಿ ಕೊಡುವವರನ್ನು ನಂಬಬೇಡಿ. ಅವರು ಮಾಡಬಲ್ಲದ್ದು ಬಾಗಿಲು ತಟ್ಟುವುದು, ಒಳಗೆ ಕರೆಯುವುದು ಬಿಡುವುದು ಮನೆಯವರ ಇಚ್ಛೆ. ಆ ಹಣ ಕೊಡುವ ಮೊದಲು ನೀವೇ ತಟ್ಟಬಹುದಾದ ಬಾಗಿಲೂ ಇವೆ: ಭದ್ರಾವತಿ ಆಕಾಶವಾಣಿಯ ಧ್ವನಿಪರೀಕ್ಷೆ, ಸೂರಗೊಂಡನಕೊಪ್ಪದ ಸೇವಾಲಾಲ್ ಜಾತ್ರೆಗೆ ಬರುವ ಜನ, ಏಪ್ರಿಲ್ 14ರ ವೇದಿಕೆಗಳು.

ಇಲ್ಲಿವರೆಗೆ ನಾನು ಗೆದ್ದೆ ಅಂದುಕೊಂಡೆ. ಆಮೇಲೆ, "ಹಾಳೆಯಲ್ಲಿ ಬುಡಕಟ್ಟು ಹೊಡೆದುಹಾಕಿ, 'ಮಾದಿಗರ ಮೇಳ' ಅಂತ ಬರೆಸಿ" ಎಂದೆ. ಕೀಬೋರ್ಡಿನವನು ಸುಮ್ಮನಾದ. ಹಾಡುವ ಹುಡುಗಿ ಹೇಳಿದಳು: "ಹಾಡಿನಾಗೆ ಹೇಳೀವಿ ಅಣ್ಣಾ. ಕೇಳಿದಾರಿಗೆ ಗೊತ್ತಾಗ್ತತಿ. ಹಾಳ್ಯಾಗೆ ಬರದ್ರೆ ಚನ್ನಗಿರಿ ತ್ವಾಟದ ಮನಿ ಮದ್ವಿ ಒಂದೂ ಬರಲ್ಲ. ನೀವು ಸಂಬಳದಾಗೆ ಅದೀರಿ. ಹಾಳಿ ಬರಿಯಾಕೆ ಅವ್ರು ಬ್ಯಾಡ ಅಂದ್ರಿ, ಈಗ ನೀವು ಬರಿಯಾಕೆ ಹತ್ತೀರಲ್ಲ?"

ನನಗೆ ಉತ್ತರ ಹೊಳೆಯಲಿಲ್ಲ. ನಗರದವರ ಹಾಳೆ ಜಾತಿಯನ್ನು ಅಳಿಸಿತ್ತು. ನನ್ನ ಹಾಳೆ ಅವರನ್ನು ಕೇಳದೆ ಜಾತಿಯನ್ನು ಬರೆಯಹೊರಟಿತ್ತು. ಎರಡರಲ್ಲೂ ದನಿ ಅವರದು, ಮಾತು ಬೇರೆಯವರದು. ನಮ್ಮ ದಲಿತ ವಿಮರ್ಶೆಯೂ ಒಂದು ಡಂಗುರವೇ. ಯಾರ ಕೃತಿಯನ್ನು ಸಾರುತ್ತೇವೋ ಅವರನ್ನು ಕೇಳಿ ಸಾರುತ್ತಿದ್ದೇವೆಯೆ ಎಂದು ಈ ಸಂಚಿಕೆಯಲ್ಲಿ ಬರೆಯುವ ನಾವೆಲ್ಲ ಒಮ್ಮೆ ಕೇಳಿಕೊಳ್ಳುವುದು ಒಳ್ಳೆಯದು. ಮರೆಸಬೇಕಾದ ಪರಿಸ್ಥಿತಿ ಇರುವುದು ಅವರ ತಪ್ಪಲ್ಲ, ತೋಟದ ಮನೆಯವರದು. ಆ ಜಗಳವನ್ನು ಎಲ್ಲಿ, ಯಾವಾಗ ಆಡಬೇಕೆಂದು ಗೊತ್ತು ಮಾಡುವವರು ಮಾತ್ರ ಸೀಜನ್ ಕಳಕೊಳ್ಳುವವರೇ.

ಮೇಳದವರು ಹಾಳೆಯನ್ನು ತಾವೇ ಹೊಸದಾಗಿ ಬರೆದರು. ಮೊದಲ ಸಾಲಿನಲ್ಲಿ ಐವರ ಹೆಸರು, ಐವರ ಊರು. ಬುಡಕಟ್ಟು ಹೋಯಿತು, ಮಣ್ಣಿನ ವಾಸನೆ ಹೋಯಿತು. ಜಾತಿಯ ಮಾತನ್ನು ಹಾಡಿಗೇ ಬಿಟ್ಟರು. ಒಂದು ತಿಂಗಳ ಹಣ ಮಾತ್ರ ಕೊಟ್ಟಿದ್ದಾರೆ. ಈ ಲೇಖನದಲ್ಲಿ ಹೆಸರು ಹಾಕಲೇ ಅಂದದ್ದಕ್ಕೆ ಉರುಮೆಯ ಹುಡುಗ ಅಂದ: "ಬ್ಯಾಡಣ್ಣಾ. ನಮ್ ಸುದ್ದಿ ನಾವೇ ಸಾರ್ತೀವಿ. ಸೀಜನ್ ಮುಗೀಲಿ."