ಕಾರಣ ಬರೆಯದ ತೀರ್ಪು

ಅರಸು ಜಯಂತಿ ಬಂತೆಂದರೆ ನಮ್ಮ ಕರಾವಳಿಯ ಸಭೆಗಳಲ್ಲಿ ಒಂದೇ ಮಾತು: ಗೇಣಿದಾರನಿಗೆ ಭೂಮಿ ಕೊಟ್ಟವರು ದೇವರಾಜ ಅರಸು. ಮಾತು ಸುಳ್ಳಲ್ಲ. ಭಟ್ಕಳದ ಮಾವಳ್ಳಿ ಹೋಬಳಿಯಿಂದ ಕುಮಟೆಯ ಗಜನಿ ಗದ್ದೆಗಳ ತನಕ ನಾಮಧಾರಿಗಳ, ಹಾಲಕ್ಕಿ ಒಕ್ಕಲಿಗರ ಎಷ್ಟೋ ಮನೆಗಳಲ್ಲಿ ಪಹಣಿಗೆ ಹೆಸರು ಏರಿದ್ದು ಆ ಕಾಲದಲ್ಲೇ. ಆದರೆ ಹೆಸರು ಏರಿಸಿದ ಆದೇಶದಲ್ಲಿ ಏನು ಬರೆದಿತ್ತು, ಏನು ಬರೆದಿರಲಿಲ್ಲ ಎಂದು ನೋಡುವ ಗೋಜಿಗೆ ನಮ್ಮ ವಿದ್ವಾಂಸರು ಹೆಚ್ಚಾಗಿ ಹೋದವರಲ್ಲ. ಅವರ ಬರಹದಲ್ಲಿ ಭೂಸುಧಾರಣೆಗೆ ಒಂದು ಅಧ್ಯಾಯ, ತುರ್ತುಪರಿಸ್ಥಿತಿಗೆ ಇನ್ನೊಂದು. ಮೊದಲನೆಯದರಲ್ಲಿ ಹೊಗಳಿಕೆ, ಎರಡನೆಯದರಲ್ಲಿ ನಟಿ ಸ್ನೇಹಲತಾ ರೆಡ್ಡಿಯವರ ಸೆರೆವಾಸಕ್ಕೊಂದು ನಿಟ್ಟುಸಿರು. ಎರಡೂ ಅಧ್ಯಾಯಗಳಲ್ಲಿ ಮುಖ್ಯಮಂತ್ರಿ ಒಬ್ಬರೇ ಎಂಬುದು ಮರೆತೇ ಹೋಗುತ್ತದೆ.

1974ರ ಮಾರ್ಚ್ 1ಕ್ಕೆ ಜಾರಿಗೆ ಬಂದ ತಿದ್ದುಪಡಿ, ಗೇಣಿದಾರ ಹಕ್ಕು ಕೇಳಿ ಹಾಕುವ ಏಳನೇ ನಮೂನೆಯ ಅರ್ಜಿ, ಉಳುವವನೇ ಒಡೆಯ ಎಂಬ ಘೋಷಣೆ, ಅದಕ್ಕೂ ಹಿಂದಿನ ಕಾಗೋಡು ಸತ್ಯಾಗ್ರಹ, ದಿನಕರ ದೇಸಾಯಿಯವರ ರೈತ ಹೋರಾಟ: ಇದೆಲ್ಲ ಓದುಗರಿಗೆ ಗೊತ್ತಿದ್ದದ್ದೇ. ನಾನು ನಿಲ್ಲಬೇಕೆಂದಿರುವುದು ಭೂಸುಧಾರಣಾ ಕಾಯ್ದೆಯ 48ನೇ ಕಲಮಿನ 8ನೇ ಉಪಕಲಮಿನ ಹತ್ತಿರ. ಭೂನ್ಯಾಯಮಂಡಳಿಯ ಮುಂದೆ ವಕೀಲರು ಹಾಜರಾಗುವಂತಿಲ್ಲ ಎಂದಷ್ಟೇ ಅದು ಹೇಳುತ್ತಿತ್ತು.

ನಮ್ಮ ಕಡೆ ನಿಂತು ನೋಡಿದರೆ ಈ ಒಂದು ಸಾಲಿನ ಜಾಣತನ ಕಾಣುತ್ತದೆ. ಗೇಣಿ ಬಾಯಿಮಾತಿನದು. ಭತ್ತ ಅಳೆದು ಕೊಟ್ಟದ್ದಕ್ಕೆ ರಶೀದಿ ಕೇಳುವ ಧೈರ್ಯ ಒಕ್ಕಲಿಗಿರಲಿಲ್ಲ, ಕೊಡುವ ರೂಢಿ ಒಡೆಯನಿಗಿರಲಿಲ್ಲ. ಒಡೆಯನ ನೆಂಟರಲ್ಲಿ ಒಬ್ಬನಾದರೂ ವಕೀಲ. ಅಂಥ ಕಡೆ ಕರಿಕೋಟನ್ನು ಹೊರಗಿಟ್ಟು, ಉಪವಿಭಾಗಾಧಿಕಾರಿ ಅಧ್ಯಕ್ಷರಾಗಿ, ಸರಕಾರ ಹೆಸರಿಸಿದ ನಾಲ್ವರು ಊರ ಕಡೆಯ ಸದಸ್ಯರು ಕೂತು, ಈ ಗದ್ದೆಗೆ ಹೋರಿ ಹೂಡಿದವರು ಯಾರು ಎಂದು ನೇರ ಕೇಳಿದರೆ ಸತ್ಯ ಹೊರಬೀಳುವ ಸಂಭವ ಹೆಚ್ಚು. ಆ ಸದಸ್ಯರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಇಲ್ಲವೇ ಪಂಗಡದವರಾಗಿರಬೇಕೆಂಬ ನಿಯಮವೂ ಇತ್ತು. ಇದನ್ನು ಬರೆದವರಿಗೆ ಹಳ್ಳಿ ಗೊತ್ತಿತ್ತು.

ಗೊತ್ತಿದ್ದೂ ಮಾಡದೆ ಬಿಟ್ಟದ್ದು ಮುಂದಿನದು. ವಕೀಲರಿಲ್ಲ, ಸಿವಿಲ್ ಕೋರ್ಟಿಗೆ ಅಧಿಕಾರವಿಲ್ಲ, ಮಂಡಳಿಯ ಆದೇಶದ ಮೇಲೆ ಅಪೀಲೂ ಇಲ್ಲ. ಮೇಲೆ ಕೇಳುವವರಿಲ್ಲದ ಮಂಡಳಿ ಕಾರಣ ಬರೆಯುವ ಕಷ್ಟ ಏಕೆ ತೆಗೆದುಕೊಂಡೀತು? ಇಂಥ ಸರ್ವೆ ನಂಬರು, ಇಷ್ಟು ಗುಂಟೆ, ಅರ್ಜಿದಾರ ಗೇಣಿದಾರನೆಂದು ಕಂಡುಬಂದಿದೆ, ಅಧಿಭೋಗದ ಹಕ್ಕು ಕೊಟ್ಟಿದೆ. ಆದೇಶಗಳ ಧಾಟಿ ಎಷ್ಟೋ ಕಡೆ ಇಷ್ಟೇ. ಯಾರ ಸಾಕ್ಷಿ ನಂಬಿದರು, ಪಹಣಿಯ ನಮೂದನ್ನು ಏಕೆ ತಳ್ಳಿಹಾಕಿದರು, ಸ್ಥಳ ನೋಡಿದರೋ ಇಲ್ಲವೋ, ಒಂದೂ ತಿಳಿಯುವುದಿಲ್ಲ. 1975ರ ಜೂನಿನಲ್ಲಿ ತುರ್ತುಪರಿಸ್ಥಿತಿ ಬಂದು ಇಂದಿರಾ ಗಾಂಧಿಯವರ ಇಪ್ಪತ್ತಂಶದ ಕಾರ್ಯಕ್ರಮ ಬಂದ ಮೇಲಂತೂ ಎಷ್ಟು ಅರ್ಜಿ ಮುಗಿಯಿತು ಎಂಬ ಲೆಕ್ಕಕ್ಕೆ ಬೆಲೆ ಬಂತು, ಹೇಗೆ ಮುಗಿಯಿತು ಎಂಬುದಕ್ಕಲ್ಲ.

ಇದರಿಂದ ಒಡೆಯನಿಗೆ ಅನ್ಯಾಯವಾಯಿತೆಂದು ಹಳೇ ಜಮೀನ್ದಾರಿ ಮನೆಯವರು ಗೊಣಗುತ್ತಾರೆ. ಅವರ ಅಳಲು ನನ್ನ ವಿಷಯವಲ್ಲ. ಏಟು ಬಿದ್ದದ್ದು ಗೆದ್ದ ಗೇಣಿದಾರನಿಗೇ. ಅಪೀಲಿಲ್ಲದ ಕಡೆ ಉಳಿದದ್ದು ರಿಟ್ ಒಂದೇ, ಅದಕ್ಕೆ ಹೈಕೋರ್ಟು, ಹೈಕೋರ್ಟು ಬೆಂಗಳೂರಲ್ಲಿ. ಧಾರವಾಡದ ಪೀಠ ಬಂದದ್ದು 2008ಕ್ಕೆ. ಭಟ್ಕಳದಿಂದ ಘಟ್ಟ ಹತ್ತಿ ಬೆಂಗಳೂರಿಗೆ ಹೋಗಿ ವಕೀಲರನ್ನು ಹಿಡಿಯುವ ತಾಕತ್ತು ಒಡೆಯನಿಗಿತ್ತು. ಅಲ್ಲಿ ಕಾರಣವಿಲ್ಲದ ಆದೇಶ ನಿಲ್ಲಲಿಲ್ಲ. ಒಂದರ ಹಿಂದೊಂದು ಪ್ರಕರಣ ಮರುವಿಚಾರಣೆಗೆಂದು ಕೆಳಗೆ ಬಂತು. ಅಷ್ಟರಲ್ಲಿ ಸಾಕ್ಷಿ ಹೇಳಬಲ್ಲ ಹಿರಿಯರು ತೀರಿಕೊಂಡಿರುತ್ತಿದ್ದರು. ಬಡವನ ಪರವಾಗಿ ಅವಸರದಲ್ಲಿ ಬರೆದ ಅರೆಪುಟದ ಆದೇಶ ಕಡೆಗೆ ಶ್ರೀಮಂತನ ಅಸ್ತ್ರವಾಯಿತು. ವಕೀಲರ ನಿಷೇಧವೂ ಉಳಿಯಲಿಲ್ಲ. 1987ರಲ್ಲಿ ಸುಪ್ರೀಂ ಕೋರ್ಟು ಅದು ರಾಜ್ಯ ಶಾಸನಸಭೆಯ ಅಧಿಕಾರ ಮೀರಿದ್ದೆಂದಿತು. ಮೇಲ್ಮನವಿ ಪ್ರಾಧಿಕಾರ ಅದಕ್ಕೆ ತುಸು ಮುಂಚೆ, 1986ರಲ್ಲಿ, ಬಂದಿತ್ತು. 1979ರ ಗಡುವಿನೊಳಗೆ ಅರ್ಜಿ ಹಾಕದೆ ಉಳಿದವರಿಗಾಗಿ 1998ರಲ್ಲಿ 77ಎ ಕಲಮು ಸೇರಿಸಬೇಕಾಯಿತು.

ಗಜನಿಯ ವಿಷಯ ಕೇಳಿದರೆ ಇನ್ನೂ ಬೇಸರ. ಕಗ್ಗ ಭತ್ತ ಬೆಳೆಯುವ ಆ ಉಪ್ಪುನೀರ ಗದ್ದೆಯಲ್ಲಿ ಸರ್ವೆ ನಂಬರಿಗಿಂತ ದೊಡ್ಡದು ಒಡ್ಡು. ಒಡ್ಡು ಒಬ್ಬನದಲ್ಲ, ಎಲ್ಲರೂ ಸೇರಿ ಕಟ್ಟಿ ಕಾಯಬೇಕಾದದ್ದು. ಹಕ್ಕು ಮಾತ್ರ ತುಂಡು ತುಂಡಾಗಿ, ಒಬ್ಬೊಬ್ಬರ ಹೆಸರಿಗೆ. ಒಡ್ಡು ಒಡೆದರೆ ಹೊಣೆ ಯಾರದೆಂದು ಏಳನೇ ನಮೂನೆ ಕೇಳುವುದಿಲ್ಲ.

ಇಲ್ಲಿ ನಮ್ಮ ಪಂಡಿತರೊಡನೆ ಜಗಳ ಆಡಲೇಬೇಕು. ಜೇಮ್ಸ್ ಮ್ಯಾನರ್ ಅರಸರನ್ನು ವ್ಯವಹಾರಜ್ಞ ಪ್ರಗತಿಪರರೆಂದರು. ನರೇಂದರ್ ಪಾಣಿ ಅವರ ಪುಸ್ತಕದ ಹೆಸರೇ ಈ ಸುಧಾರಣೆ ದೊಡ್ಡ ಬದಲಾವಣೆಯನ್ನು ತಡೆಯಲು ಬಂದದ್ದೆನ್ನುತ್ತದೆ. ಗೇಣಿದಾರರಲ್ಲೇ ಬಲಾಢ್ಯರಿದ್ದಾರೆಂದು ಎಂ.ವಿ. ನಾಡಕರ್ಣಿ 1976ರಲ್ಲೇ ಎಚ್ಚರಿಸಿದ್ದರು. ನಾಡಕರ್ಣಿಯವರ ಮಾತು ಬಯಲುಸೀಮೆಗೆ ಒಪ್ಪುತ್ತದೆ, ಕರಾವಳಿಗೆ ಅಷ್ಟಾಗಿ ಒಪ್ಪುವುದಿಲ್ಲ; ಇಲ್ಲಿ ಗೇಣಿದಾರ ನಿಜಕ್ಕೂ ಗತಿಯಿಲ್ಲದವನೇ. ಈ ವಾಗ್ವಾದದ ಜೀವ ಇರುವುದು ಭೂಮಿ ಯಾರಿಗೆ ಸಿಕ್ಕಿತು ಎಂಬ ಪ್ರಶ್ನೆಯಲ್ಲಿ. ಕೊಡುವವನು ಯಾರಿಗೆ ಉತ್ತರ ಹೇಳಬೇಕಿತ್ತು ಎಂಬುದು ಹಿಂದೆಯೇ ಉಳಿಯಿತು. 1977ರಲ್ಲಿ ಕಾಂಗ್ರೆಸ್ಸು ರಾಜ್ಯದ 28 ಲೋಕಸಭಾ ಸ್ಥಾನಗಳಲ್ಲಿ 26 ಗೆದ್ದದ್ದೇ ಉತ್ತರ ಎನ್ನುವವರೂ ಇದ್ದಾರೆ. ಮತ ಸರಕಾರಕ್ಕೆ ಬಿದ್ದದ್ದು, ಮಂಡಳಿಯ ಆದೇಶಕ್ಕಲ್ಲ.

ಅದೇ ವರ್ಷ ಕೇಂದ್ರ ಸರಕಾರ ಅರಸರ ಮೇಲಿನ ಭ್ರಷ್ಟಾಚಾರದ ದೂರುಗಳ ವಿಚಾರಣೆಗೆ ಗ್ರೋವರ್ ಆಯೋಗ ಕೂರಿಸಿದಾಗ ರಾಜ್ಯ ಸರಕಾರ ಸುಪ್ರೀಂ ಕೋರ್ಟಿಗೆ ಹೋಯಿತು. ಮಂತ್ರಿಮಂಡಲ ಉತ್ತರ ಹೇಳಬೇಕಾದದ್ದು ಶಾಸನಸಭೆಗೆ, ಕೇಂದ್ರಕ್ಕಲ್ಲ ಎಂಬುದು ಅದರ ವಾದ. ವಾದ ಬಿದ್ದುಹೋಯಿತು. ತನ್ನ ಮೇಲಿನ ದೂರಿಗೆ ದೇಶದ ಅತ್ಯುಚ್ಚ ನ್ಯಾಯಾಲಯದ ತನಕ ದಾರಿ ಹುಡುಕಿದ ಸರಕಾರ ಮಾವಳ್ಳಿಯ ಗೇಣಿದಾರನಿಗೆ ಜಿಲ್ಲೆಯೊಳಗೆ ಒಂದು ಅಪೀಲಿನ ಬಾಗಿಲನ್ನೂ ಇಟ್ಟಿರಲಿಲ್ಲ.

ಅರಸರ ಭೂಸುಧಾರಣೆ ಆಗಲೇಬೇಕಾಗಿದ್ದ ಕೆಲಸ. ಆದರೆ ಅದರ ಕೀರ್ತಿಯಲ್ಲಿ ಅರ್ಧ ನಾವು ಓದದೆ ಕೊಟ್ಟದ್ದು. ಭಟ್ಕಳ, ಹೊನ್ನಾವರ, ಕುಮಟೆಯ ಮಂಡಳಿಗಳ ಕಡತಗಳನ್ನು ಗೆದ್ದಲು ಹಿಡಿಯುವ ಮೊದಲು ಪಟ್ಟಿಮಾಡಿ ಓದುವವರಿಗೆ ತೆರೆದಿಡಲಿ. ಬರುವ ಆಗಸ್ಟ್ 20ರಂದು ಅರಸರ ಬಗ್ಗೆ ಭಾಷಣ ಮಾಡುವವರು ಅವುಗಳಲ್ಲಿ ಹತ್ತು ಆದೇಶಗಳನ್ನಾದರೂ ಓದಿ ಬರಲಿ.